ನನ್ನ ಬಾಮೈದ ಬರೀ ಕಳ್ಳ, ಸ್ವಾಮಿ

ತಲೆಗೆ ಒಂದು ಪ್ರಶ್ನೆ ಹೊಕ್ಕರೆ ಕಾಲು ಸುಮ್ಮನಿರದ ಜಾಯಮಾನ ನನ್ನದು. ತೊಂಬತ್ತರ ಆಸುಪಾಸಿನಲ್ಲಿ, ಹಿಂದೂಪುರದ ವಕೀಲರೊಬ್ಬರ ಗುಮಾಸ್ತನಾಗಿದ್ದಾಗ, ಅಂಥದೊಂದು ಪ್ರಶ್ನೆ ನಮ್ಮ ಹಜಾರದ ಗಾರೆಯನ್ನೇ ಸವೆಸಿಬಿಟ್ಟಿತು. ಭಯೋತ್ಪಾದಕನಿಗೂ ಗುಂಪು ಕಟ್ಟಿದ ಕಳ್ಳನಿಗೂ ಏನು ವ್ಯತ್ಯಾಸ?

ಈ ಉಸಾಬರಿ ನನಗೇಕೆಂದರೆ, ನನ್ನ ಹೆಂಡತಿ ರತ್ನಳ ತಮ್ಮ, ಕಲ್ಯಾಣದುರ್ಗದ ಶಿವಣ್ಣ, ಜೈಲಿನಲ್ಲಿದ್ದ. ಮಂಡಿಯಲ್ಲಿ ಹುಣಸೆಹಣ್ಣಿನ ವ್ಯಾಪಾರ ನಡೆಯುವುದು ಟವೆಲಿನ ಮರೆಯಲ್ಲಿ; ಬೆರಳು ಹಿಡಿದೇ ಬೆಲೆ ಹೇಳಬೇಕು. ಶಿವಣ್ಣ ಮತ್ತವನ ಮೂವರು ಗೆಳೆಯರು ಸರಿಯಾಗಿ ಆ ಹೊತ್ತಿಗೆ ಮೂಟೆಗಳ ಹಿಂದೆ ದಪ್ಪ ಪಟಾಕಿ ಹಚ್ಚುತ್ತಿದ್ದರು. ಹೊರಗಿನ ವ್ಯಾಪಾರಿಗಳು ಟವೆಲು ಬಿಟ್ಟು ಓಡುತ್ತಿದ್ದರು, ಹಣ್ಣು ಅಗ್ಗಕ್ಕೆ ಇವರ ಪಾಲಾಗುತ್ತಿತ್ತು. ಮೂರನೆಯ ಸಲ ಸಿಕ್ಕಿಬಿದ್ದರು. ಹೊಸ ಇನ್ಸ್‌ಪೆಕ್ಟರು 'ಬಾಂಬು' ಎಂದು ಬರೆದು ಭಯೋತ್ಪಾದನೆಯ ಕಾನೂನನ್ನೇ ಜಡಿದರು. ಅದರಲ್ಲಿ ಜಾಮೀನು ಕನಸಿನ ಮಾತು.

"ಬರೀ ಕಳ್ಳ ಅಂತ ತೋರ್ಸಿದ್ರೆ ಮನೇಗ್ ಬತ್ತಾನೆ ಕಣಯ್ಯ. ವ್ಯತ್ಯಾಸ ಒಂದು ಪುಟ ಟೈಪ್ ಮಾಡ್ಕೊಂಡ್ ಬಾ, ರೇಪು ಪೊದ್ದುನ್ನೇ ಕಾವಾಲ," ಅಂದರು ವಕೀಲರು, ಕೊನೆಗೆ ತೆಲುಗಿಗೆ ಹೊರಳಿ. ನಾಳೆ ಬೆಳಗ್ಗೆಯೇ ಬೇಕಂತೆ! ಸಂಜೆಯೆಲ್ಲ ಹಜಾರದ ಆ ತುದಿಯಿಂದ ಈ ತುದಿಗೆ ತಿರುಗಿದೆ. ವಾರದಿಂದ ಸರಿಯಾಗಿ ಊಟ ಮಾಡದ ರತ್ನ ಕೊನೆಗೆ ರೇಗಿದಳು.

"ಕೂತ್ಕೊಳ್ರೀ, ನನ್ ತಲೆ ತಿರುಗ್ತೈತೆ! ಶಿವಣ್ಣಂಗೆ ಜನ ಹೆದ್ರೋದು ಬೇಕಿತ್ತಾ? ಹಣ್ಣು ಬೇಕಿತ್ತು. ಹೆದ್ರಿಸ್ದೇನೇ ಅಗ್ಗಕ್ಕೆ ಸಿಕ್ಕಿದ್ರೆ ಆ ಪಿಸಿನಾರಿ ಪಟಾಕಿ ಕಾಸೂ ಉಳಿಸ್ತಿದ್ದ."

ನಾನು ಗಕ್ಕನೆ ನಿಂತೆ. ಒಬ್ಬನಿಗೆ ಭಯವೇ ಗುರಿ, ಇನ್ನೊಬ್ಬನಿಗೆ ಭಯ ಬರೀ ಉಪಕರಣ, ಗುರಿ ಲಾಭ. ಅದನ್ನೇ ಇಂಗ್ಲಿಷಿನಲ್ಲಿ ಕುಟ್ಟಿದೆ. ಪುಟ ತುಂಬಲಿಲ್ಲವೆಂದು, ಲಾಭದಲ್ಲಿ ಪಾಲು ಉಂಡವರೆಲ್ಲ ಆ ಗುಂಪಿಗೇ ಸೇರಿದವರು ಎಂಬ ಸಾಲನ್ನೂ ಹುಮ್ಮಸ್ಸಿನಲ್ಲಿ ಸೇರಿಸಿದೆ. ಜಾಮೀನು ಸಿಕ್ಕಿತು! ನನಗೆ ಎಂಥ ಹಿಗ್ಗು ಅಂತೀರಿ.

ನೇರ ನಮ್ಮ ಮನೆಗೇ ಬಂದ ಶಿವಣ್ಣ, ಊಟಕ್ಕೆ ಕೂತಾಗ ನಾನು ಬರೆದ ಅರ್ಜಿಯ ಅರ್ಥ ಹೇಳಿಸಿಕೊಂಡು ಕಿಡಿಕಿಡಿಯಾದ. "ಏನ್ ಬಾವಾ, ಕಳ್ಳ ಅಂತ ನೀನೇ ಬರ್ದ್‌ಬುಟ್ಟಲ್ಲ! ಕೊನೇ ಸಾಲು ಇನ್ನೊಂದ್ಸಲ ಓದು."

ಓದಿದೆ. ಅವನು ನನ್ನ ತಟ್ಟೆಯನ್ನೇ ನೋಡಿದ. ಆ ಮಂಡಿಯಿಂದ ಅವನು ತಂದುಕೊಟ್ಟ ಹುಣಸೆಹಣ್ಣು ನಮ್ಮ ಎರಡು ಭರಣಿಗಳಲ್ಲಿ ತುಂಬಿತ್ತು. ಅದರದೇ ಸಾರನ್ನು ನಾನು ಮೂರನೆಯ ಸಲ ಹಾಕಿಸಿಕೊಂಡಿದ್ದೆ. ಕೈ ತೊಳೆದು, ಮತ್ತೆ ಹಜಾರದಲ್ಲಿ ತಿರುಗತೊಡಗಿದೆ.