ಬಾಗೇವಾಡಿಯ ಬೆಕ್ಕುಗಳೂ ನನ್ನ ವಲಸೆಯೂ

ನನ್ನ ಸೋದರಮಾವನ ಕಣ್ಣಿಗೆ ನಾನು ಎಂದೂ ಅಳಿಯನಾಗಿ ಕಂಡವನಲ್ಲ. ಒಂದು ಪ್ರಭೇದವಾಗಿ ಕಂಡವನು. ಬಸವನ ಬಾಗೇವಾಡಿಯಲ್ಲಿ ವಿಜ್ಞಾನದ ಮಾಸ್ತರರಾಗಿ ನಿವೃತ್ತರಾದ ಅವರು ಮದುವೆಯ ಗೋಜಿಗೆ ಹೋದವರಲ್ಲ. ಅಲ್ಲಿಯ ಬ್ಯಾಂಕಿನಲ್ಲಿ ನೌಕರಿ ಸಿಕ್ಕಿ ನಾನು ಅವರ ಮನೆ ಸೇರಿದಾಗ, ಓಣಿಯವರಿಗೆ ಪರಿಚಯ ಮಾಡಿಕೊಟ್ಟದ್ದು ಹೀಗೆ:

"ಇಂವ ನಮ್ಮ ಅಕ್ಕನ ಮಗ. ಪರಾವಲಂಬಿ ಜೀವಿ. ಆಶ್ರಯ ಕೊಟ್ಟಾವ್ರನ್ನ ಕೊಲ್ಲೂದಿಲ್ಲ, ಆದ್ರ ಸೊರಗಸ್ತಾನ."

ಅವರು ಎರಡು ರೊಟ್ಟಿ ತಿನ್ನುವಲ್ಲಿ ನಾನು ಐದು ತಿನ್ನುತ್ತಿದ್ದೆ. ವಾದಿಸುವ ಹಾಗಿರಲಿಲ್ಲ.

ಆ ಮನೆಯಲ್ಲಿ ಇಲಿಗಳಿದ್ದವು. ನಾನೋ ಇಲಿ ಕಂಡರೆ ಮಂಚ ಹತ್ತುವ ಶೂರ. ಒಂದು ದಿನ ಇಲಿ ಪಾಷಾಣ ತಂದೆ. ಮಾಮಾ ಕಸಿದುಕೊಂಡರು.

"ಪಾಷಾಣ ತಿಂದ ಇಲೀನ ಗೂಗಿ ತಿಂದ್ರ ಗೂಗಿನೂ ಸಾಯ್ತೈತಿ. ಆಹಾರ ಸರಪಳಿ ಅಂದ್ರೇನು ಗೊತ್ತೈತೇನು?"

"ಗೊತ್ತೈತ್ರಿ ಮಾಮಾ. ನಿನ್ನೆ ನನ್ನ ಕಾಲ್ಬೆರಳು ಅದರಾಗ ಸೇರಿತ್ತು."

ಮರುದಿನ ಲಚ್ಯಾಣದಲ್ಲಿದ್ದ ಮಾಮಾರ ಗೆಳೆಯರೊಬ್ಬರ ಮನೆಯಿಂದ ಹೆಣ್ಣುಬೆಕ್ಕೊಂದು ಬಂತು. ಇಲಿಗಳು ಕರಗಿದವು. ಬೆಕ್ಕು ಮರಿ ಹಾಕಿತು. ಮರಿಗಳು ಬೆಳೆದು ತಾವೂ ಮರಿ ಹಾಕಿದವು. ನನ್ನ ತಲೆದಿಂಬು, ಬ್ಯಾಂಕಿಗೆ ಹಾಕುವ ಪ್ಯಾಂಟು, ಊಟದ ತಾಟು ಎಲ್ಲವೂ ಅವುಗಳ ನೆಲೆಯಾದವು. ನಾನು ಮತ್ತೆ ಮಂಚ ಹತ್ತಲು ಹೋದೆ, ಅಲ್ಲೂ ಜಾಗವಿರಲಿಲ್ಲ.

"ಹೆದರಬ್ಯಾಡ," ಎಂದರು ಮಾಮಾ. "ಇಲಿ ಮುಗದ್ವು. ತಿನ್ನಾಕ ಸಿಗಲಿಲ್ಲಂದ್ರ ಬೆಕ್ಕಿನ ಸಂಖ್ಯಿನೂ ತಾನಾ ಇಳೀತೈತಿ. ಒಂದು ಜಾಗಾ ಎಷ್ಟು ಜೀವ ಸಾಕತೈತೋ ಅಷ್ಟಾ ಉಳೀತಾವ. ನಿಸರ್ಗದಾಗ ನಾವು ಕೈ ಹಾಕಬಾರದು."

ಸಂಖ್ಯೆ ಇಳಿಯಲಿಲ್ಲ. ಕಾರಣ ಒಂದು ಮುಂಜಾನೆ ಹಿತ್ತಲಿನಲ್ಲಿ ಸಿಕ್ಕಿತು. ನಿಸರ್ಗದಲ್ಲಿ ಕೈ ಹಾಕಬಾರದೆಂದ ಮಾಮಾ ಹಾಲಿನ ಪಾತ್ರೆಯಲ್ಲಿ ಕೈ ಹಾಕಿ, ಬೆಕ್ಕುಗಳಿಗೆ ರೊಟ್ಟಿ ಕಲಸುತ್ತಿದ್ದರು.

"ಇದೇನ್ರಿ ಮಾಮಾ?"

"ಪ್ರಯೋಗ," ಎಂದರು, ನನ್ನ ಮುಖ ನೋಡದೆ.

ಅಂದು ನನಗೆ ಹಾಲಿಲ್ಲದ ಚಹಾ. ಸ್ಪರ್ಧೆಯಲ್ಲಿ ಸೋತ ಜೀವಿಗೆ ಅಷ್ಟಾದರೂ ಸಿಕ್ಕಿತಲ್ಲ!

ಆಮೇಲೆ ನನಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಸುದ್ದಿ ಹೇಳಿದರೆ ಮಾಮಾ ಪೇಪರಿನಿಂದ ತಲೆ ಎತ್ತಲಿಲ್ಲ.

"ಚಲೋ ಆತು. ಜಾಗಾ ಸಾಲದಾದಾಗ ವಲಸಿ ಹೋಗೂದು ಜೀವಿಗಳ ಸ್ವಭಾವ."

ಇಷ್ಟೇ ಏನು ಋಣ ಎಂದು ಮುಖ ಊದಿಸಿಕೊಂಡು ಗಂಟು ಕಟ್ಟಿದೆ.

ನನ್ನ ಹಾಸಿಗೆಯ ಸುರುಳಿ ಹೊತ್ತು ನಿಲ್ದಾಣಕ್ಕೆ ಬಂದ ಮಾಮಾ ಬಸ್ಸನ್ನೂ ಹತ್ತಿದರು. "ಬಸ್ ಬಿಡೂ ತನಕ ಕೂಡತೇನಿ," ಎಂದರು. ಬಸ್ಸು ಬಿಟ್ಟಿತು. "ಮುಂದಿನ ಸ್ಟಾಪಿನಾಗ ಇಳೀತೇನಿ," ಎಂದರು. ಇಳಿಯಲಿಲ್ಲ. ಕಂಡಕ್ಟರ್ ಬಂದಾಗ ಕಿಟಕಿಯತ್ತ ನೋಡುತ್ತಲೇ ಮುದ್ದೇಬಿಹಾಳಕ್ಕೆ ಎರಡು ಟಿಕೆಟ್ ಕೇಳಿದರು.

ನನ್ನ ಬಾಡಿಗೆ ಕೋಣೆಯ ಕಸ ಹೊಡೆದರು. ಕೊಡಕ್ಕೆ ನೀರು ತುಂಬಿದರು. ಬಾಗಿಲಿನ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು. ಸಂಜೆಯ ಬಸ್ಸಿಗೆ ಹೊರಟವರು ಓಣಿಯ ತಿರುವಿನಲ್ಲಿ ನಿಂತರು.

"ಐತಾರಕ್ಕ ಬರ್ತೀಯಲ್ಲ? ಮನಿ ಇನ್ನ ಭಾಳ ದೊಡ್ಡದಾಗತೈತಿ."