ಹತ್ತನೇ ಗೂಡಿನ ಕೊಳಲು

ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸಲು ಕೂತು ನನಗೆ ಇಪ್ಪತ್ತೆರಡು ವರ್ಷ. ಇಷ್ಟು ವರ್ಷಗಳಲ್ಲಿ ನನ್ನ ಕೈ ದಾಟಿದ ಒಂದೇ ಒಂದು ಕಾಗದವೂ ತಪ್ಪು ಮನೆ ಸೇರಿಲ್ಲ! ಈ ಮಾತನ್ನು ದಿನಕ್ಕೊಮ್ಮೆ ಹೇಳದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ. ಇಂಥ ನಾನು ಹೆಂಡತಿಯ ಕೀಬೋರ್ಡನ್ನು ಕಂಪ್ಯೂಟರಿಗೆ ಜೋಡಿಸಿಯೇ ತೀರುತ್ತೇನೆಂದು ಶಪಥ ಮಾಡಿದೆ.

ಅವಳು ಒಂದು ಜೋಗುಳಕ್ಕೆ ರಾಗ ಹಾಕಿದ್ದಳು. ಶನಿವಾರ ನಾಲ್ಕು ಗಂಟೆಗೆ ಗಾಯನ ಬಳಗದ ಮೇಡಂ ಅದನ್ನು ಕೇಳಲು ಬರುವವರಿದ್ದರು. ಮೆಚ್ಚಿದರೆ ಬಳಗಕ್ಕೆ ಸೇರಿಸಿಕೊಳ್ಳುತ್ತಾರೆ. ಮೂರು ವರ್ಷದಿಂದ ಅವಳು ಕಾಯುತ್ತಿದ್ದ ದಿನ ಅದು.

“ಬರೀ ಕೀಬೋರ್ಡ್ ದನಿ ಸಾಲದು ಕಣೇ. ಕೊಳಲು, ಪಿಟೀಲು, ಎಲ್ಲಾ ಕೂರಿಸಿ ಕೊಡ್ತೀನಿ!”

“ಬೇಡ ರೀ. ಸೆಕೆಂಡ್ ಹ್ಯಾಂಡ್ ಕೀಬೋರ್ಡು. ಕೈಪಿಡಿ ಕಳಿಸಿ ಅಂತ ಕಂಪನಿಗೆ ಬರೆದಿದ್ದೀನಿ, ಅಂಚೇಲಿ ಬರುತ್ತೆ. ಓದ್ಕೊಂಡು ಮಾಡಿ.”

“ಕೈಪಿಡಿ ಓದೋದು ಕೈಲಾಗದವರು!”

ಕಂಪ್ಯೂಟರಿನಲ್ಲಿ ಸಂಗೀತದ ಸಾಫ್ಟ್‌ವೇರ್ ತೆರೆದೆ. ಮಿಡಿ ಚಾನೆಲ್ ಎಂದು ಒಂದರಿಂದ ಹದಿನಾರರವರೆಗೆ ಸಾಲು. ನೋಡಿ ನಗು ಬಂತು. ಇದು ನಮ್ಮ ಕಚೇರಿಯ ಪತ್ರದ ಗೂಡೇ ಅಲ್ಲವೇ! ಒತ್ತಿದ ಸ್ವರವೇ ಪತ್ರ, ಚಾನೆಲ್ ನಂಬರೇ ವಿಳಾಸ, ಆ ಗೂಡಿನಲ್ಲಿರುವ ವಾದ್ಯ ಅದನ್ನು ಓದಿ ನುಡಿಸುತ್ತದೆ. ಒಂದಕ್ಕೆ ಪಿಯಾನೋ, ಎರಡಕ್ಕೆ ಪಿಟೀಲು ಎಂದು ಹಂಚುತ್ತ ಹೋದೆ. ಹತ್ತನೆಯದರ ಮುಂದೆ ಸಣ್ಣದೊಂದು ಡೋಲಿನ ಚಿತ್ರವಿತ್ತು. ಚಿತ್ರ ತಾನೆ, ಇರಲಿ ಬಿಡಿ! ಹತ್ತು ನನ್ನ ಅದೃಷ್ಟದ ಸಂಖ್ಯೆ. ಅಲ್ಲಿ ‘ಕೊಳಲು’ ಎಂದು ಬರೆದು ಕೀಬೋರ್ಡನ್ನೂ ಹತ್ತಕ್ಕೇ ಕಟ್ಟಿಹಾಕಿದೆ. ಕೊಳಲಿನ ನಡುವೆ ಹಳೇ ದನಿ ಮೂಗು ತೂರಿಸದಿರಲೆಂದು ಕೀಬೋರ್ಡಿನ ಸ್ವಂತ ದನಿಯನ್ನೂ ಬಂದ್ ಮಾಡಿದೆ. ನುಡಿಸಿ ನೋಡುವುದೇ? ಇಪ್ಪತ್ತೆರಡು ವರ್ಷದ ಅನುಭವಕ್ಕೆ ಅದು ಅವಮಾನ!

ಶನಿವಾರ ಮೇಡಂ ಬಂದು ಕೂತರು. ಜೋಗುಳವೆಂದು ಕೇಳಿ ಕಣ್ಣು ಮುಚ್ಚಿದರು. ನನ್ನವಳು ಮೆಲ್ಲಗೆ ಮೊದಲ ಸ್ವರ ಒತ್ತಿದಳು.

ಧಡ್!

ಮೇಡಂ ಕಣ್ಣು ತೆರೆದರು. ಎರಡನೆಯ ಸ್ವರಕ್ಕೆ ಟಪ್! ಮೂರನೆಯದಕ್ಕೆ ಝಣ್! ನಾಲ್ಕನೆಯದು ಟ್ರಾಫಿಕ್ ಪೊಲೀಸನ ಸೀಟಿ!

“ಮಗು ಮಲಗಿಸೋ ಹಾಡು ಅಂದ್ರಲ್ಲಮ್ಮ?”

ಹೆಂಡತಿ ಹಲ್ಲು ಕಚ್ಚಿ ನನ್ನತ್ತ ತಿರುಗಿದಳು. “ರೀ, ಕೊಳಲೆಲ್ಲಿ?”

“ದಾರೀಲಿದೆ, ಈಗ ಬರುತ್ತೆ!”

ಓಡಿಹೋಗಿ ಕಂಪ್ಯೂಟರಿನಲ್ಲಿ ಸಿಕ್ಕಿದ್ದನ್ನು ಒತ್ತಿದೆ. ‘ಎಲ್ಲ ಚಾನೆಲ್’ ಎಂಬುದಕ್ಕೆ ಕೈ ಬಿತ್ತೆಂದು ಕಾಣುತ್ತದೆ. ಅವಳು ಮುಂದಿನ ಸ್ವರ ಒತ್ತಿದ್ದೇ ತಡ, ಹದಿನಾರೂ ಗೂಡಿನವರು ಒಟ್ಟಿಗೆ ಬೊಬ್ಬೆ ಹೊಡೆದರು. ಕಿಟಕಿಯ ಗಾಜು ಅದುರಿತು. ಹೆದರಿ ವೈರನ್ನೇ ಕಿತ್ತೆ. ಈಗ ಕೀಬೋರ್ಡು ಮೂಕ! ಅದರ ಬಾಯಿ ಮುಚ್ಚಿಸಿದವನು ನಾನೇ, ಎಲ್ಲಿ ಮುಚ್ಚಿಸಿದೆ ಎಂಬುದು ಮಾತ್ರ ಮರೆತುಹೋಗಿತ್ತು.

ಅವಳ ಕಣ್ಣು ತುಂಬಿದ್ದು ಕಂಡಿತು. ಆದರೆ ಅವಳು ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡು, ಸುಮ್ಮನೆ ಹಾಡತೊಡಗಿದಳು. ಅಡುಗೆಮನೆಯಲ್ಲಿ ತನಗಾಗಿ ಗುನುಗುತ್ತಿದ್ದ ಹಾಗೆಯೇ.

ಮೇಡಂ ಮತ್ತೆ ಕಣ್ಣು ಮುಚ್ಚಿದರು. ಹಾಡು ಮುಗಿದ ಮೇಲೇ ತೆರೆದರು.

“ಇಷ್ಟು ಚೆನ್ನಾಗಿ ಹಾಡೋರು ಆ ಡಬ್ಬಾನ ಯಾಕಮ್ಮ ಮುಂದಿಟ್ಕೊಂಡಿದ್ರಿ? ಸೋಮವಾರದಿಂದ ಬಂದುಬಿಡಿ.”

ಅವರು ಮೆಟ್ಟಿಲಿಳಿಯುತ್ತಲೇ ನನ್ನ ಎದೆ ಮತ್ತೆ ಉಬ್ಬಿತು. “ನೋಡಿದ್ಯಾ? ನಾನು ಕೆಡಿಸದೇ ಇದ್ದಿದ್ರೆ ನೀನು ಹಾಡ್ತಿದ್ಯಾ?”

ಅವಳು ನಕ್ಕೇಬಿಟ್ಟಳು. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಬಾಗಿಲು ಬಡಿದ ಸದ್ದು. ನಮ್ಮ ಬೀದಿಯ ಹತ್ತನೇ ನಂಬರ್ ಮನೆಯ ಅಜ್ಜಿ!

“ಏನಪ್ಪಾ, ಗೋಡೆ ಕೆಡವ್ತಿದ್ದೀಯಾ? ಬೈಯ್ಯೋಕೆ ಅಂತ ಬಂದೆ. ಹಾಗೇ ಇದನ್ನೂ ತಗೋ, ಹೋದ ವಾರ ನಮ್ಮನೆಗೆ ಬಂತು. ಒಡೆದು ನೋಡಿದ್ರೆ ಬರೀ ಗುಂಡಿಗಳ ಚಿತ್ರ!”

ಲಕೋಟೆಯ ಮೇಲೆ ನನ್ನ ಹೆಂಡತಿಯ ಹೆಸರು, ನಮ್ಮ ಮನೆಯ ನಂಬರು, ಹದಿನಾರು. ಅದರ ಪಕ್ಕದಲ್ಲಿ, ಯಾವ ಮನೆಗೆಂದು ಅಂಚೆಯವನಿಗೆ ತಿಳಿಯಲು ವಿಂಗಡಿಸುವಾಗ ನಾನು ಹಾಕುವ ನೀಲಿ ಪೆನ್ಸಿಲಿನ ಗುರುತು, ದುಂಡಗೆ, ಮುದ್ದಾಗಿ: ಹತ್ತು.

ಹೆಂಡತಿ ಕೈಪಿಡಿ ತೆರೆದು ಮೊದಲ ಪುಟವನ್ನು ಗಟ್ಟಿಯಾಗಿ ಓದಿದಳು. “ಹತ್ತನೇ ಚಾನೆಲ್ ತಾಳವಾದ್ಯಗಳಿಗೆ ಮಾತ್ರ.” ಆಮೇಲೆ ಲಕೋಟೆಯನ್ನು ನನ್ನ ಮೂಗಿನ ಕೆಳಗೆ ಹಿಡಿದಳು.

“ಒಂದೇ ಒಂದು ಕಾಗದ, ಒಂದೇ ಒಂದು ಕಾಗದ ಅಂತಿದ್ರಲ್ಲ, ಇದೇನಾ ರೀ ಅದು?”