ಕಲ್ಯಾಣದುರ್ಗದ ಗೋಡೆಯ ಮೇಲೆ ಹಸಿದು ಕೂತ ರಾಕ್ಷಸ

ನಂಬಲ್ಲ ಅನ್ನೋರು ಈಗಲೇ ಕೈ ಎತ್ತಿ. ನಾನೇ ಬಸ್ಸು ಹತ್ತಿಸುತ್ತೇನೆ. ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಇಳಿದು "ರಾಕ್ಷಸನ ಹೋಟ್ಲು ಎಲ್ಲೈತೆ?" ಅಂತ ಯಾರನ್ನಾದರೂ ಕೇಳಿ. ತೋರಿಸದಿದ್ದರೆ ನನ್ನ ಅರ್ಧ ಮೀಸೆ ಬೋಳಿಸಿ. ನಾನು ಯಾವ ಕೆಲಸಕ್ಕೆ ಕೈ ಹಾಕಿದರೂ ಊರಿಗೆ ಊರೇ ಬಂದು ಅದರೊಳಗೆ ಕೈ ಹಾಕುತ್ತದೆ. ನನಗೆ ಇಂಥವು ಆಗುತ್ತಲೇ ಇರುತ್ತವೆ.

ನಾನು ಬ್ರಹ್ಮಸಮುದ್ರದ ಕಡೆಯ ಹಳ್ಳಿಯವನು, ಕನ್ನಡ ತೆಲುಗು ಎರಡೂ ಓಡಾಡುವ ಆಂಧ್ರದ ಗಡಿ. ಹಿಂದೂಪುರದಲ್ಲಿ ರೇಷ್ಮೆ ಸೀರೆಗೆ ಡಿಸೈನ್ ಮಾಡಿಕೊಡುವ ಅಂಗಡಿಯಲ್ಲಿ ಕೆಲಸ. ಕಂಪ್ಯೂಟರಿನಲ್ಲಿ ಅಂಚು, ಬುಟ್ಟಾ ಬರೆಯುವವರು ನಮ್ಮ ಮಾಸ್ಟರು. ಅದನ್ನು ಪೆನ್‌ಡ್ರೈವಿನಲ್ಲಿ ಮಗ್ಗದ ಮನೆಗಳಿಗೆ ಮುಟ್ಟಿಸುವವನು ನಾನು. ನಡುವೆ ಬಿಡುವಾದರೆ ಫೋನಿನಲ್ಲಿ ಮಾಂಗಾ ಓದುತ್ತೇನೆ. ಮಾಂಗಾ ಅಂದರೆ ಜಪಾನಿನವರ ಚಿತ್ರದ ಕತೆ. ನಾನು ಓದುವುದರಲ್ಲಿ ಒಬ್ಬ ಅಡುಗೆಯವನು ಮಾಯಾಲೋಕಕ್ಕೆ ಹೋಗಿ ಅಲ್ಲಿನ ಭೂತಗಳಿಗೆ ಬಡಿಸುತ್ತಾನೆ. ಭೂತಗಳು ತಿಂದು, ಕಣ್ಣೀರು ಹಾಕಿ, ಒಳ್ಳೆಯವಾಗುತ್ತವೆ. ಯುದ್ಧವಿಲ್ಲ, ಸಾವಿಲ್ಲ, ಅವಸರ ಮೊದಲೇ ಇಲ್ಲ. ಓದೀ ಓದೀ ಒಂದು ದಿನ "ಇದಕ್ಕಿಂತ ಚೆನ್ನಾಗಿ ನಾನು ಬರೀತೀನಿ" ಅಂದೆ. ಬರೆದೆ. ನಾನು ಅಂದೆ ಅಂದಮೇಲೆ ಮುಗಿಯಿತು.

ಬರೆದದ್ದನ್ನು ವಾರಕ್ಕೊಂದು ಹಾಳೆ ಮಾಡಿ ಅಂಟಿಸಲು ಗೋಡೆ ಬೇಕಲ್ಲ? ಕಲ್ಯಾಣದುರ್ಗದಲ್ಲಿ ನನ್ನ ಸೋದರತ್ತೆ ಮುದ್ದೆ ಹೋಟೆಲು ನಡೆಸುತ್ತಾಳೆ. ಅದರ ಬೀದಿ ಕಡೆಯ ಗೋಡೆ ಕೇಳಿದೆ. ಹಿಂಡಿ, ಬೂಸಾ ಮಾರುವ ಅಂಗಡಿಯವನೊಬ್ಬ ಜಾಹೀರಾತು ಬರೆಸಲು ಅದೇ ಗೋಡೆಯ ಮೇಲೆ ಕಣ್ಣಿಟ್ಟಿದ್ದ. ಅತ್ತೆ ನ್ಯಾಯ ಹೇಳಿದಳು: "ಸಂಕ್ರಾಂತಿವರ್ಗೂ ನಿಂಗೆ ಬುಡ್ತೀನಿ ಕಣ್ಲಾ. ಜನ ನಿಂತ್ಕಂಡು ಓದಿದ್ರೆ ಗೋಡೆ ನಿಂದು. ಇಲ್ಲಾಂದ್ರೆ ಆವಯ್ಯಂದು."

ಗೋಡೆ ನನ್ನದೇ ಅಂತ ಅವತ್ತೇ ಊರೆಲ್ಲ ಹೇಳಿಕೊಂಡು ಬಂದೆ.

ಎರಡು ಸೌಟಿನ ಹೀರೋ

ಕತೆ ನನ್ನದು, ಚಿತ್ರ ಮಾಸ್ಟರದು. ಅಡುಗೆಯವನೊಬ್ಬ ಹೀರೋ, ಹಸಿದ ರಾಕ್ಷಸನಿಗೆ ಮುದ್ದೆ ಬಡಿಸಿ ಒಳ್ಳೆಯವನನ್ನಾಗಿ ಮಾಡುತ್ತಾನೆ. ಸೀರೆಯ ಡಿಸೈನಿನಲ್ಲಿ ಒಂದು ಅನುಕೂಲವಿದೆ. ಅರ್ಧ ಬರೆದರೆ ಸಾಕು, ಒಂದು ಬಟನ್ ಒತ್ತಿದರೆ ಉಳಿದರ್ಧ ಕನ್ನಡಿಯಲ್ಲಿ ಕಂಡಂತೆ ತಾನೇ ಬಂದು ಕೂರುತ್ತದೆ. ಮಾಸ್ಟರ ಬೆರಳಿಗೆ ಅದೇ ಅಭ್ಯಾಸ. ಮೊದಲ ಹಾಳೆ ಪ್ರಿಂಟಾಗಿ ಬಂದಾಗ ನೋಡಿದರೆ ಹೀರೋನ ಎರಡೂ ಕೈಯಲ್ಲಿ ಸೌಟು. ಆ ಕಡೆ ಒಂದು ಒಲೆ, ಈ ಕಡೆ ಒಂದು ಒಲೆ. ರಾಕ್ಷಸರು ಇಬ್ಬರು, ಅಂಚಿನ ಹಂಸಗಳ ಹಾಗೆ ಎದುರುಬದುರು. ಸುತ್ತ ಮಾವಿನಕಾಯಿ ಬಾರ್ಡರು, ಕೆಳಗೆ ಸೆರಗು.

"ಮಾಸ್ಟರ್, ಒಬ್ಬನೇ ರಾಕ್ಷಸ ಅಂದಿದ್ನಲ್ಲ?"

"ಒಬ್ಬನೇ ಇದ್ರೆ ಸೀರೆ ಒಂದ್ಕಡೆ ವಾಲ್ದಂಗೆ ಕಾಣ್ತದೆ ಕಣಪ್ಪ."

"ಇದು ಸೀರೆ ಅಲ್ಲ ಮಾಸ್ಟರ್."

"ಆಗಿದ್ರೆ ಚೆನ್ನಾಗಿರ್ತಿತ್ತು."

ಬಸ್ಸಿಗೆ ಹೊತ್ತಾಗಿತ್ತು. ಹಾಗೇ ತಂದು ಮೈದಾ ಅಂಟಿನಲ್ಲಿ ಅಂಟಿಸಿದೆ. ಮುದ್ದೆ ತಿಂದು ಬಂದ ಮುದುಕರೊಬ್ಬರು ನೋಡಿ, "ಎರಡ್ ಕೈಲೂ ಸೌಟು ಹಿಡ್ದವ್ನೆ. ದೊಡ್ ಮದ್ವೆ ಅಡ್ಗೆ ಒಪ್ಕಂಡಿರ್ಬೇಕು" ಅಂದು ಹೋದರು. ಅವರ ಹಿಂದೆ ಇಬ್ಬರು ಹೆಂಗಸರು ಬಂದರು. ನಿಂತರು, ಹತ್ತಿರ ಹೋದರು, ಬೆರಳಿಟ್ಟು ಬೆರಳಿಟ್ಟು ನೋಡಿದರು. ನನ್ನ ಎದೆ ಉಬ್ಬಿತು.

"ಹೆಂಗೈತಕ್ಕಾ ಕತೆ?"

"ಕತೆ ಏನೋ ಕಾಣೆ ಕಣಪ್ಪ. ಈ ಅಂಚು ಮೆರೂನ್ ಕಲರ್‌ನಾಗೆ ಸಿಕ್ತದಾ?"

ಮುದ್ದೆ ಆಗಲೇ ಇಲ್ಲ

ಎರಡನೇ ಹಾಳೆಗೆ ಒಬ್ಬ ರಾಕ್ಷಸನನ್ನು ಅಳಿಸಿ ಹಾಕಿಸಿದೆ. ಉಳಿದವನು ಬಾಯಿ ತೆರೆದುಕೊಂಡು ಹೀರೋನ ಮುಂದೆ ಊಟಕ್ಕೆ ಕೂತ. ಒಂದು ಚಿತ್ರದಲ್ಲಿ ನೀರು ಕುದಿಯುತ್ತಿದೆ, ಪಕ್ಕದ ಚಿತ್ರದಲ್ಲಿ ತಟ್ಟೆಯ ಮೇಲೆ ರಾಗಿಮುದ್ದೆ. ಕತೆ ಹೇಗೆ ಓಡುತ್ತಿದೆ ನೋಡಿ! ಜಪಾನಿನವರಿಗೂ ಈ ಸ್ಪೀಡು ಬರಲಿಕ್ಕಿಲ್ಲ.

ಬೆಳುಗುಪ್ಪದಿಂದ ಬಂದಿದ್ದ ಅಜ್ಜಿಯೊಬ್ಬಳು ಗೋಡೆಯ ಮುಂದೆ ನಿಂತು ಕೂಗಿದಳು: "ಯಾವನ್ಲಾ ಇದ ಬರ್ದೋನು?"

"ನಾನೇ ಕಣಜ್ಜಿ."

"ಮುದ್ದೆ ಮಾಡೋದ ಕಣ್ಣಾಗೆ ನೋಡಿದ್ದೀಯೇನ್ಲಾ? ಹಿಟ್ಟು ಹಾಕಿದ್ದೆಲ್ಲಿ? ಬೇಯೋಕೆ ಬುಟ್ಟಿದ್ದೆಲ್ಲಿ? ಕೋಲಾಗೆ ತಿರುವಿದ್ದೆಲ್ಲಿ? ಗಂಟುಗಂಟು ಮುದ್ದೆ ತಿಂದೋನು ಒಳ್ಳೇನಾಯ್ತಾನಾ? ಇನ್ನಷ್ಟು ಕೆಟ್ಟೋಯ್ತಾನೆ."

ಗಿರಾಕಿಗಳೆಲ್ಲ ತಲೆ ಆಡಿಸಿದರು. ಸರಿ, ಮುದ್ದೆ ಅಳಿಸಿದೆ. ಮುಂದಿನ ವಾರ ಹಿಟ್ಟು ಹಾಕಿದ ಹಾಳೆ. ಅದರ ಮುಂದಿನ ವಾರ ಮುಚ್ಚಿದ ಪಾತ್ರೆ, ಮೇಲೆ ಹಬೆ, ಇನ್ನೇನೂ ಇಲ್ಲ. ಆಮೇಲೆ ಕೋಲು. ಅಷ್ಟರಲ್ಲಿ ಇನ್ನೊಂದು ಜಗಳ ಶುರುವಾಯಿತು. ಮುದ್ದೆಗೆ ಸಂಗಟಿ ಅನ್ನುವ ತೆಲುಗಿನ ಕಡೆಯವರು ಅಕ್ಕಿ ಬೇಕೇಬೇಕು ಅಂತ ಹಟ ಹಿಡಿದು, "ಸಂಗಟಿಲೋ ಬಿಯ್ಯಂ ವೇಯಕುಂಡಾ ಎಟ್ಲಾ?" ಅಂದರು. ನಮ್ಮವರು, "ಮುದ್ದೆಗೆ ಅಕ್ಕಿ ಯಾಕ್ ಹಾಕ್ಬೇಕು? ಜರ ಬಂದೋರಿಗೆ ಕಾಯ್ಸೋ ಗಂಜಿಯೇನು ಇದು?" ಅಂದರು. ಅಕ್ಕಿ ಹಾಕಿದ ಹಾಳೆ ಒಂದು ವಾರ, ಅಕ್ಕಿ ಆರಿಸಿ ತೆಗೆದ ಹಾಳೆ ಇನ್ನೊಂದು ವಾರ. ರಾಕ್ಷಸ ಮಾತ್ರ ತೆರೆದ ಬಾಯಿ ತೆರೆದಂತೆಯೇ ಕೂತಿದ್ದ.

ಕೊನೆಗೆ ಅದೇ ಅಜ್ಜಿ ಒಳಗೆ ಹೋಗಿ ಅತ್ತೆಯನ್ನೇ ತರಾಟೆಗೆ ತೆಗೆದುಕೊಂಡಳು: "ಊರೋರ್ಗೆಲ್ಲ ಬಡಿಸ್ತೀಯ, ಬಾಗ್ಲಾಗೆ ಬಾಯ್ ತಕ್ಕಂಡು ಕುಂತೋನಿಗೆ ಒಂದು ತುತ್ತಿಲ್ವೇನಮ್ಮಾ?"

ಅತ್ತೆ ಕೈಯಲ್ಲಿ ಸೌಟು ಹಿಡಿದೇ ಆಚೆ ಬಂದಳು. "ಲೇ, ಹೋಟ್ಲು ಇಕ್ಕಿದಾಗಿಂದ ಇಲ್ಲಿಂದ ಒಬ್ರೂ ಹಸ್ಕಂಡು ಹೋಗಿಲ್ಲ. ಇನ್ನೂ ಹಸ್ಕಂಡು ಕುಂತಿರೋನು ನಿನ್ ರಾಕ್ಷಸ ಒಬ್ಬನೇ ಕಣ್ಲಾ!"

ಒಂದು ಫೈಟು

ಸಂಕ್ರಾಂತಿ ಹತ್ತಿರ ಬಂತು. ಬೂಸಾ ಅಂಗಡಿಯವನು ದಿನಾ ಬಂದು ಗೋಡೆಯನ್ನು ಗೇಣು ಹಾಕಿ ಅಳೆದುಕೊಂಡು ಹೋಗುತ್ತಿದ್ದ.

"ಏನಪ್ಪಾ, ಕತೆ ಮುಂದಕ್ಕೆ ಹೋಯ್ತಾ?"

"ಬೇಯ್ತಾ ಐತೆ ಅಣ್ಣ."

"ನಾನು ಬರ್ಸೋದು ಹಸು ಕಣಪ್ಪ. ಬೇಯೋದಿಲ್ಲ, ಹುರಿಯೋದಿಲ್ಲ. ಒಂದೇ ದಿನದಾಗೆ ಬಂದು ನಿಂತ್ಕಂತದೆ."

ನಿಂತು ಓದುವವರೂ ಕಡಿಮೆಯಾಗಿದ್ದರು. ಬ್ರಹ್ಮಸಮುದ್ರದ ಬಸ್ಸಿನ ಕಂಡಕ್ಟರು ನನ್ನ ಖಾಯಂ ಓದುಗ. ಅವನೂ ಬೇಸತ್ತು, "ಒಕ್ಕ ಫೈಟು ಪೆಟ್ಟಪ್ಪಾ, ಜನಂ ವಸ್ತಾರು" ಅಂದ. ಒಂದು ಫೈಟಿಟ್ಟರೆ ಜನ ಬರುತ್ತಾರಂತೆ. ನನ್ನ ಕತೆಯಲ್ಲಿ ಫೈಟಿಲ್ಲ ಅನ್ನುವುದೇ ನನ್ನ ಹೆಮ್ಮೆಯಾಗಿತ್ತು. ಆದರೆ ಗೋಡೆ ಹೋದಮೇಲೆ ಹೆಮ್ಮೆ ಎಲ್ಲಿ ಅಂಟಿಸಲಿ? ಇಟ್ಟೆ. ರಾಕ್ಷಸ ಎದ್ದು ಒದ್ದ, ಹೀರೋ ಪಕ್ಕಕ್ಕೆ ಹಾರಿದ, ಒಲೆಯ ಮೇಲಿದ್ದ ಹುರುಳಿ ಸಾರಿನ ಪಾತ್ರೆ ಬೋರಲು ಬಿತ್ತು. ಹರಿದ ಸಾರನ್ನು ಮಾಸ್ಟರು ಬಳ್ಳಿ ಬಳ್ಳಿಯಾಗಿ ಎಷ್ಟು ಚೆನ್ನಾಗಿ ಬರೆದಿದ್ದರೆಂದರೆ ಮದುವೆ ಸೀರೆಗೆ ಹಾಕಬಹುದಿತ್ತು.

ಜನ ಬಂದರು. ಎಂಜಲು ಕೈಯಲ್ಲೇ ಎದ್ದು ಬಂದರು. ಎಲ್ಲರಿಗಿಂತ ಮುಂದೆ ಕಂಡಕ್ಟರು, ಸಾರು ಚೆಲ್ಲಿದ್ದಕ್ಕೆ ಕೆಂಡವಾಗಿ: "ಫೈಟು ಪೆಟ್ಟಮಂಟೇ ಸಾರು ಪಾರಬೋಸ್ತಾವಾ?"

"ಫೈಟ್ ಅಂದ್ಮೇಲೆ ಏನಾದ್ರೂ ಬೀಳ್ಬೇಕಲ್ಲಣ್ಣ?"

"ಅವನ ಹಲ್ಲು ಬೀಳ್ಲಿ!" ಅಂದ ಹಿಂದಿನಿಂದ ಒಬ್ಬ. "ಒಂದು ಪಾತ್ರೆ ಹುರುಳಿ ಸಾರು ಯಾವನಾದ್ರೂ ಚೆಲ್ತಾನೇನ್ಲಾ?"

ಆ ದಿನ ಅತ್ತೆಯ ಹೋಟೆಲಿನಲ್ಲಿ ಸಾರು ಬಡಿಸುವಾಗ ನನ್ನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಮುಂದಿನ ಹಾಳೆಯಲ್ಲಿ ಹೀರೋ, ರಾಕ್ಷಸ ಇಬ್ಬರೂ ಕೂಡಿ ನೆಲ ಬಳಿದರು, ಒಲೆ ಹಚ್ಚಿದರು, ಹೊಸದಾಗಿ ನೀರಿಟ್ಟರು. ರಾಕ್ಷಸ ಹೋಗಿ ಮೊದಲಿನ ಜಾಗದಲ್ಲೇ ಬಾಯಿ ತೆರೆದು ಕೂತ. ಕತೆ ಎಲ್ಲಿಂದ ಶುರುವಾಗಿತ್ತೋ ಸರಿಯಾಗಿ ಅಲ್ಲಿಗೇ ಬಂದು ನಿಂತಿತ್ತು. ಕಂಡಕ್ಟರು ಓದಿ ನನ್ನ ಬೆನ್ನು ತಟ್ಟಿದ: "ಇಪ್ಪುಡಪ್ಪಾ ಕಥ ಮುಂದುಕಿ ಪೋಯಿಂದಿ!"

ಅರ್ಧ ಗೋಡೆ

ಸಂಕ್ರಾಂತಿ ಬಂದೇಬಿಟ್ಟಿತು. ಪಂಚಾಯಿತಿ ಹೋಟೆಲಿನಲ್ಲೇ ನಡೆಯಿತು.

"ಜನ ನಿಂತವ್ರೆ, ನಿಜ," ಅಂದ ಬೂಸಾದವನು. "ಆದ್ರೆ ಬೈಯೋಕೆ ನಿಂತವ್ರೆ ಕಣಮ್ಮ. ಬೈಯೋರು ಓದೋರ ಲೆಕ್ಕಕ್ಕೆ ಬತ್ತಾರಾ?"

"ಓದ್ದೆ ಹೆಂಗ್ ಬೈತಾರೆ?" ಅಂದೆ ನಾನು.

ಅತ್ತೆಗೆ ಒಲೆಯ ಮೇಲೆ ಅನ್ನ ಸೀಯುತ್ತಿತ್ತು. "ಬಾಗ್ಲು ಕಡೆ ಅರ್ಧ ಆವಯ್ಯಂಗೆ. ನೀರಿನ ಡ್ರಮ್ಮಿನ ಕಡೆ ಅರ್ಧ ನಿಂಗೆ. ಎದ್ದೋಗ್ರಿ" ಅಂದಳು. ಅರ್ಧ ಗೋಡೆ! ನನ್ನಂಥವನಿಗೆ! ಸಿಟ್ಟಿಗೆ ಆ ಹೊತ್ತು ಅಲ್ಲಿ ಒಂದೇ ಮುದ್ದೆ ತಿಂದೆ.

ಮರುದಿನವೇ ಪೇಂಟರು ಬಂದು ಬರೆದ. ಎಡಗಡೆ ಬಾಗಿಲ ಹತ್ತಿರ ದುಂಡಗಿನ ಬಿಳೀ ಹಸು, ಅದರ ಪಕ್ಕ ಪಶು ಆಹಾರದ ಮೂಟೆ. ಜಾಗ ಕೊಂಚವೂ ದಂಡವಾಗಬಾರದೆಂದು ಬೂಸಾದವನು ಮೂಟೆಯನ್ನು ನನ್ನ ಹಾಳೆಗೆ ಒತ್ತಿಸಿಯೇ ಬರೆಸಿದ್ದ. ನನ್ನ ಹಾಳೆಯ ಮೊದಲಲ್ಲೇ ರಾಕ್ಷಸ: ಗುಡ್ಡೆ ಕಣ್ಣು, ಹೊರಬಿದ್ದ ನಾಲಿಗೆ, ತಲೆಯ ಮೇಲೆ ಕೊಂಬು. ಸೀರೆ ಸೆರಗಿಗೆ ನಂದಿ ಬರೆದು ಬರೆದು ಮಾಸ್ಟರಿಗೆ ಬರುತ್ತಿದ್ದದ್ದು ಒಂದೇ ಥರದ ಕೊಂಬು, ದನದ ಕೊಂಬು.

ಸಂತೆಯ ದಿನ, ಈ ಗೋಡೆಯನ್ನು ಎಂದೂ ನೋಡಿರದ ಹಳ್ಳಿಯವರು ಬಂದು ನಿಂತರು. ಟವೆಲ್ ಹೊದ್ದ ಒಬ್ಬರು ಬೆರಳಿಟ್ಟು ಜೊತೆಯವರಿಗೆ ವಿವರಿಸತೊಡಗಿದರು: "ಇಕಾ, ಮೊದ್ಲು ಹಸ ಹಿಂಗಿತ್ತು. ಈ ಮೂಟೆ ತಿನ್ನುಸ್ದ್ರು. ಆಮೇಲೆ..." ಬೆರಳು ರಾಕ್ಷಸನ ಮೇಲೆ ನಿಂತಿತು. "ಅಯ್ಯೋ ಶಿವನೇ!"

"ಕೊಂಬು ಮಾತ್ರ ಹಂಗೇ ಉಳ್ಕಂಡವೆ ನೋಡು," ಅಂದ ಇನ್ನೊಬ್ಬ.

"ಹಾಲು ಕೊಡ್ತದಾ ಇದು?"

"ಕೊಡಬೋದು. ಕೆಳಗೆ ಕುಂತ್ಕಂಡು ಕರ್ಯೋನು ಯಾವನು?"

ಜಪಾನಿನವರು ಪುಟವನ್ನು ಬಲದಿಂದ ಎಡಕ್ಕೆ ಓದುತ್ತಾರೆ. ಹಾಗೆ ಓದಿದ್ದರೆ ಮೂಟೆ ತಿಂದು ರಾಕ್ಷಸನೇ ಹಸುವಾಗುತ್ತಿದ್ದ, ಆವಯ್ಯನ ವ್ಯಾಪಾರ ಎಲ್ಲಿಂದೆಲ್ಲಿಗೋ ಏರುತ್ತಿತ್ತು. ಅದನ್ನು ಹೇಳಬಹುದಿತ್ತು. ಹೇಳಲಿಲ್ಲ. ನನ್ನನ್ನು ಯಾರು ಕೇಳಿದ್ದರು?

ಮಧ್ಯಾಹ್ನದ ಹೊತ್ತಿಗೆ ಒಬ್ಬ ರೈತ ಕೊಂಡ ಮೂಟೆಯನ್ನು ಹೊತ್ತು ವಾಪಸ್ ತಂದ. ಬೂಸಾದವನು ಅವನನ್ನು ಗೋಡೆಯ ಮುಂದಕ್ಕೆ ಎಳೆದುಕೊಂಡು ಬಂದು, "ಅದು ಬೇರೆ, ಇದು ಬೇರೆ ಕಣಯ್ಯಾ!" ಅಂತ ಎದೆ ಬಡಿದುಕೊಂಡ.

"ಬೇರೆಯಾಗಿದ್ರೆ ಒಂದೇ ಗೋಡೆಗೆ ಯಾಕ್ ಬರ್ಸಿದ್ದೆ?" ಅಂದ ರೈತ.

ಕಂಡಕ್ಟರು ಬಸ್ಸಿನ ಮೆಟ್ಟಿಲಿಂದಲೇ ಎರಡರ ಕೊಂಬಿಗೂ ಬೆರಳು ತೋರಿಸಿ ಕೂಗಿದ: "ಕೊಮ್ಮುಲು ಸೇಮ್ ಅನ್ನಾ!"

ಬೂಸಾದವನು ನನ್ನ ಕೈ ಹಿಡಿದುಕೊಂಡ. "ತಮ್ಮಾ, ನಿನ್ ರಾಕ್ಷಸನಿಗೆ ಬಿರ್ರನೆ ಊಟ ಇಕ್ಕಿ ಕಳಿಸ್ಬುಡಪ್ಪಾ."

"ಆಗಲ್ಲಣ್ಣ. ನೀರು ಈಗಿಟ್ಟಿದ್ದೀವಿ. ಅಕ್ಕಿ ಹಾಕ್ಬೇಕೋ ಬ್ಯಾಡ್ವೋ ಇನ್ನೂ ತೀರ್ಮಾನ ಆಗಿಲ್ಲ."

ಸಂಜೆಯೊಳಗೆ ಆವಯ್ಯ ತಾನೇ ಸುಣ್ಣದ ಬಕೆಟ್ಟು ತಂದು ತನ್ನ ಹಸುವನ್ನು ಬಾಲದಿಂದ ಮೂತಿಯವರೆಗೆ ಬಳಿದುಬಿಟ್ಟ. ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು, ಸೆರಗಿಗೆ ಕೈ ಒರೆಸಿಕೊಂಡಳು, ಬಾಗಿಲಿಂದ ಡ್ರಮ್ಮಿನವರೆಗೆ ಗೋಡೆ ಪೂರ್ತಿ ನನಗೇ ಕೊಟ್ಟಳು.